ಎರಡು ಪಾಸು, ಆರು ತಾಸು

ಬೆಳಗಿನ ಜಾವ ನಾಲ್ಕೂಮುಕ್ಕಾಲಿಗೆ ನಾನು ಹೋಗಿ ನಿಂತಾಗ ಸಾಲಿನಲ್ಲಿ ಆಗಲೇ ಮೂವತ್ತೊಂದು ಜನ ಇದ್ದರು. ಜೊತೆಗೆ ಏಳು ಗುರುತು. ಗುರುತು ಅಂದರೆ ಮೂರು ಕಲ್ಲು, ಎರಡು ಕೈಚೀಲ, ಒಂದು ನೀರಿನ ಕ್ಯಾನು, ಒಂದು ಜೊತೆ ಹವಾಯಿ ಚಪ್ಪಲಿ. ನ್ಯಾಯಬೆಲೆ ಅಂಗಡಿ ಮುಂದೆ ಸೀಮೆಎಣ್ಣೆಗೆ ನಿಂತು ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆಳು ಮನೆಗೆ ಹೋಗಿ ಬರುವ ತನಕ ಕಲ್ಲು ಅವರ ಜಾಗ ಕಾಯುತ್ತದೆ.

ಆದರೆ ಇದು ಸೀಮೆಎಣ್ಣೆ ಸಾಲಲ್ಲ, ನಾಟಕದ ಪಾಸಿನ ಸಾಲು. ನಮ್ಮ ಚಿತ್ರದುರ್ಗದಲ್ಲಿ ಮೂರು ದಿನ ಬಯಲಿನಲ್ಲಿ ನಾಟಕ ಇತ್ತು. ದುರ್ಗದ ಪಾಳೆಯಗಾರರ ಕಥೆ. ಕೋಟೆ ಕಾಣುವ ಹಾಗೆ ಮೈದಾನದಲ್ಲಿ ರಂಗ ಕಟ್ಟಿದ್ದರು. ದುಡ್ಡಿಲ್ಲ, ಆದರೆ ಪಾಸ್ ಬೇಕು. ಆಯಾ ದಿನದ ಪಾಸನ್ನು ಆಯಾ ದಿನ ಬೆಳಗ್ಗೆ ಹತ್ತಕ್ಕೆ ಕೊಡುತ್ತೇವೆ, ದಿನಕ್ಕೆ 400 ಪಾಸು, ಒಬ್ಬರಿಗೆ ಎರಡು, ಆಧಾರ್ ಕಾರ್ಡ್ ತರಬೇಕು ಅಂತ ಬೋರ್ಡ್ ಹಾಕಿದ್ದರು. ಮೊದಲ ದಿನ ನಾನು ಎಂಟು ಗಂಟೆಗೆ ಹೋಗಿ ಬರಿಗೈಯಲ್ಲಿ ವಾಪಸ್ ಬಂದಿದ್ದೆ. ಎರಡನೇ ದಿನ ಅಲಾರಂ ಇಟ್ಟೆ.

ನಾನು ಬಟ್ಟೆ ಹೊಲಿಯುವವಳು. ಸಂತೆ ಹೊಂಡದ ಹತ್ತಿರ ಚಿಕ್ಕ ಅಂಗಡಿ ಇದೆ. ವರ್ಷಪೂರ್ತಿ ಬ್ಲೌಸು, ಚೂಡಿದಾರ. ನವೆಂಬರ್ ಬಂತು ಅಂದರೆ ಮಾತ್ರ ಬೇರೆ ಕೆಲಸ. ರಾಜ್ಯೋತ್ಸವಕ್ಕೆ ಒಂದಿಷ್ಟು, ಆಮೇಲೆ ನವೆಂಬರ್ 11ರ ಓಬವ್ವ ಜಯಂತಿಗೆ ಒಂದಿಷ್ಟು, ಶಾಲೆ ಮಕ್ಕಳಿಗೆ ಓಬವ್ವನ ಕಚ್ಚೆ ಸೀರೆ ಹೊಲಿದು ಕೊಡಬೇಕು. ಪುಟ್ಟ ಮಕ್ಕಳಿಗೆ ಸೀರೆ ಉಡಿಸಿದರೆ ನಿಲ್ಲುವುದಿಲ್ಲ. ಅದಕ್ಕೇ ಕಚ್ಚೆ, ನೆರಿಗೆ ಎಲ್ಲ ಸೇರಿಸಿ ಹೊಲಿದು, ಪ್ಯಾಂಟಿನ ಹಾಗೆ ಏರಿಸಿಕೊಳ್ಳುವಂತೆ ಮಾಡಿ, ಸೊಂಟಕ್ಕೆ ಹುಕ್ ಹಾಕುತ್ತೇನೆ. ದೊಡ್ಡ ನಾಟಕದವರು ಇದನ್ನೆಲ್ಲ ಹೇಗೆ ಮಾಡುತ್ತಾರೆ, ಒನಕೆ ಎತ್ತಿ ಬೀಸುವಾಗ ಸೆರಗು ಹೇಗೆ ನಿಲ್ಲುತ್ತದೆ ಅಂತ ನೋಡಬೇಕು ಅನ್ನುವ ಆಸೆ ನನಗೆ ಜಾಸ್ತಿ ಇತ್ತು. ಜೊತೆಗೆ ಮಗಳು ಪಿಯುಸಿ ಓದುತ್ತಿದ್ದಾಳೆ, ಅವಳಿಗೂ ತೋರಿಸಬೇಕಿತ್ತು.

ಜನವರಿ ತಿಂಗಳು. ನಮ್ಮೂರಿನ ಗಾಳಿ ಗೊತ್ತಲ್ವಾ. ಸುತ್ತ ಗುಡ್ಡದ ಮೇಲೆಲ್ಲ ಗಾಳಿಯಂತ್ರ ನೆಟ್ಟಿರುವುದು ಸುಮ್ನೆ ಅಲ್ಲ. ಬೆಳಗಿನ ಜಾವ ಜೋಗಿಮಟ್ಟಿ ಕಡೆಯಿಂದ ಬೀಸಿದರೆ ಸ್ವೆಟರ್ ಒಳಗೂ ನುಗ್ಗುತ್ತದೆ. ನಾನು ಸ್ವೆಟರ್ ಮೇಲೆ ಶಾಲು ಹೊದ್ದು, ತಲೆಗೆ ಟವೆಲ್ ಸುತ್ತಿಕೊಂಡು ಹೋಗಿದ್ದೆ. ಒಂದು ಹಳೇ ಚಾಪೆ, ನೀರು, ಎರಡು ರೊಟ್ಟಿ, ಶೇಂಗಾ ಚಟ್ನಿಪುಡಿ ಚೀಲದಲ್ಲಿತ್ತು. ಚಾಪೆ ಒಯ್ದದ್ದು ಒಳ್ಳೇದಾಯಿತು. ಬರೀ ನೆಲದಲ್ಲಿ ಕೂತವರು ಅರ್ಧ ಗಂಟೆಗೆ ಎದ್ದು ಓಡಾಡತೊಡಗಿದರು.

ನನ್ನ ಮುಂದೆ ಒಬ್ಬ ಅಕ್ಕ ಇದ್ದರು. ಮೂವತ್ತೈದರ ಒಳಗಿನ ವಯಸ್ಸು. ಕತ್ತಲಲ್ಲಿ ಮುಖ ಕಂಡಿರಲಿಲ್ಲ. ಸ್ವಲ್ಪ ಬೆಳಕಾದ ಮೇಲೆ ಅವರೇ ತಿರುಗಿ ನೋಡಿ, "ನೀವು ಟೈಲರ್ ಅಕ್ಕ ಅಲ್ವಾ? ನನ್ನ ಮಗಳಿಗೆ ಓಬವ್ವನ ಸೀರೆ ಹೊಲಿದು ಕೊಟ್ಟಿದ್ರಿ" ಅಂದರು. ನನಗೆ ನೆನಪಾಯಿತು. ಹಸಿರು ಸೀರೆ, ಕೆಂಪು ಅಂಚು. ಹೊಸ ಬಟ್ಟೆ ತಂದಿರಲಿಲ್ಲ, ತಮ್ಮದೇ ಹಳೇ ಸೀರೆ ತಂದು ಕೊಟ್ಟಿದ್ದರು. ಅವರು ಮೂರು ಮನೆಗಳಲ್ಲಿ ಪಾತ್ರೆ, ಬಟ್ಟೆ ಕೆಲಸ ಮಾಡುತ್ತಾರೆ. ಮನೆ ಇರುವುದು ಕೋಟೆ ಬುಡದಲ್ಲಿ. ಮಗಳು ನಾಲ್ಕನೇ ಕ್ಲಾಸು.

"ದಿನಾ ಒಂದೇ ಕೇಳ್ತಾಳೆ ಅಕ್ಕ. ಗಂಡ ಊಟ ಮುಗಿಸಿ ಬಂದಾಗ ಓಬವ್ವ ಏನಂದ್ಲು ಅಂತ. ನಂಗೇನ್ ಗೊತ್ತೈತೆ? ನಾಟಕದಾಗೆ ತೋರಿಸ್ತಾರೇನೋ ನೋಡೋಣ ಅಂತ ಬಂದೆ" ಅಂದರು.

ಆ ಪ್ರಶ್ನೆ ನನ್ನ ತಲೆಯಲ್ಲೂ ಕೂತುಬಿಟ್ಟಿತು. ದುರ್ಗದಲ್ಲಿ ಹುಟ್ಟಿದ ಎಲ್ಲರಿಗೂ ಆ ಕಥೆ ಗೊತ್ತು. ಕಾವಲುಗಾರ ಊಟಕ್ಕೆ ಕೂತಿದ್ದ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ಒಬ್ಬೊಬ್ಬರಾಗಿ ನುಸುಳಿದರು. ಅವಳು ಒನಕೆ ಹಿಡಿದು ಒಬ್ಬೊಬ್ಬರನ್ನೇ ಹೊಡೆದು ಪಕ್ಕಕ್ಕೆ ಎಳೆದಳು. ಕಿಂಡಿ ಈಗಲೂ ಇದೆ, ತಣ್ಣೀರು ದೋಣಿಯ ಹತ್ತಿರ. ಊಟ ಮುಗಿಸಿ ಬಂದವನು ಹೆಣಗಳ ನಡುವೆ ನಿಂತ ಹೆಂಡತಿಯನ್ನು ನೋಡಿ ಏನಂದ, ಅವಳು ಏನಂದಳು ಅಂತ ಇಷ್ಟು ವರ್ಷ ಓಬವ್ವನ ಸೀರೆ ಹೊಲಿದರೂ ನಾನು ಯೋಚಿಸಿರಲಿಲ್ಲ.

ಐದೂಕಾಲಿಗೆ ನನ್ನ ಹಿಂದೆ ಒಬ್ಬ ಅಜ್ಜ, ಅಜ್ಜಿ ಬಂದು ನಿಂತರು. ಚಳ್ಳಕೆರೆ ಕಡೆಯ ಹಳ್ಳಿಯವರು. ಹಿಂದಿನ ದಿನ ಕೊನೇ ಬಸ್ಸಿಗೆ ಬಂದು ಬಸ್ ಸ್ಟ್ಯಾಂಡಿನಲ್ಲೇ ಮಲಗಿದ್ದರಂತೆ. "ಇವಳಿಗೆ ಬಸ್ ಫ್ರೀ, ನಂಗೆ ಟಿಕೆಟು" ಅಂದರು ಅಜ್ಜ. 2023ರ ಜೂನ್‌ನಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ ಆದ ಮೇಲೆ ಅಜ್ಜಿ ಎಲ್ಲಿಗೆ ಹೊರಟರೂ ಇವರನ್ನೂ ಎಬ್ಬಿಸಿಕೊಂಡು ಹೊರಡುತ್ತಾರಂತೆ. ಆದರೆ ನಾಟಕದ ಆಸೆ ಅಜ್ಜನದು. ಅವರು ಹರೆಯದಲ್ಲಿ ಬಯಲಾಟ ಆಡಿದವರು.

ಪುಸ್ತಕದಲ್ಲಿ ಮೂಡಲಪಾಯ ಅಂತ ಬರೆಯುತ್ತಾರೆ. ನಮ್ಮ ಕಡೆ ಹಳ್ಳಿಗಳಲ್ಲಿ ಬಯಲಾಟ ಅಷ್ಟೇ. ಮೇಷ್ಟ್ರು ಬಂದು ತಿಂಗಳುಗಟ್ಟಲೆ ರಾತ್ರಿ ಹೊತ್ತು ತಾಲೀಮು ಮಾಡಿಸುತ್ತಿದ್ದರು. ಹಗಲು ಹೊಲ, ರಾತ್ರಿ ಕುಣಿತ. ಆಟದ ದಿನ ಊರ ಮುಂದೆ ಅಟ್ಟ ಕಟ್ಟುತ್ತಿದ್ದರು. ಮದ್ದಳೆ, ತಾಳ, ಮುಖವೀಣೆ. ಕಿರೀಟ, ಭುಜಕೀರ್ತಿ ಬಾಡಿಗೆಗೆ ತರಬೇಕು. ಅದರ ದುಡ್ಡು ವೇಷ ಹಾಕುವವರೇ ಕೊಡಬೇಕು. ಅಜ್ಜ ಎರಡು ಕುರಿ ಮಾರಿ ಭೀಮನ ಪಾರ್ಟು ಮಾಡಿದ್ದರಂತೆ. ಅಜ್ಜಿ ಪಕ್ಕದಲ್ಲಿ, "ನನ್ನ ಕೇಳದಂಗೆ ಮಾರಿದ್ದ" ಅಂದರು. ಎಷ್ಟು ವರ್ಷದ ಹಿಂದಿನ ಮಾತೋ, ಆ ಕುರಿಗಳ ಬಣ್ಣ ಅಜ್ಜಿಗೆ ಇನ್ನೂ ನೆನಪಿತ್ತು.

"ನಮ್ಮಲ್ಲಿ ಪಾಸಿಲ್ಲ ಪೀಸಿಲ್ಲ ಕಣವ್ವ" ಅಂದರು ಅಜ್ಜ. "ಹೊತ್ತು ಮುಳುಗೋದರೊಳಗೆ ಕಂಬಳಿ ಹಾಸಿ ಬಂದ್ರೆ ಆ ಜಾಗ ಅವರದ್ದೇ. ಆಟ ಆಡೋರು ಕೈಯಿಂದ ದುಡ್ಡು ಹಾಕಿ ಆಡ್ತಿದ್ರು. ನೋಡೋರು ಬೆಳಗಾಗೋ ತನಕ ಕೂತು ನೋಡ್ತಿದ್ರು. ಇಲ್ಲಿ ಯಾಕವ್ವ ಹಿಂಗೆ?"

ನಾನು ತೋಚಿದ್ದು ಹೇಳಿದೆ. ಅಲ್ಲಿ ಒಂದು ಊರಿನ ಜನ, ಸುತ್ತಲಿನ ನಾಲ್ಕು ಹಳ್ಳಿಯವರು. ಇಲ್ಲಿ ಮೂರು ತಾಲ್ಲೂಕಿನಿಂದ ಬರುತ್ತಾರೆ. ಕುರ್ಚಿ ಹಾಕಿದ ಮೇಲೆ ಲೆಕ್ಕ ಬರುತ್ತದೆ, ಲೆಕ್ಕ ಬಂದ ಮೇಲೆ ಸಾಲು ಬರುತ್ತದೆ. ಹಾಗೆ ಹೇಳುವಾಗಲೇ ನನಗೆ ಸಾಣೇಹಳ್ಳಿ ನೆನಪಾಯಿತು. ಅದೂ ನಮ್ಮ ಜಿಲ್ಲೆಯೇ, ಹೊಸದುರ್ಗ ತಾಲ್ಲೂಕು. ಅಲ್ಲಿಯ ಶಿವಸಂಚಾರ ನಾಟಕ ತಂಡ 1997ರಲ್ಲಿ ಶುರುವಾಯಿತು. ನವೆಂಬರ್ ನಾಟಕೋತ್ಸವಕ್ಕೆ ಅಪ್ಪ ನನ್ನನ್ನು ಎಷ್ಟೋ ಸಲ ಕರೆದುಕೊಂಡು ಹೋಗಿದ್ದಾನೆ. ಅಲ್ಲಿಯ ಬಯಲು ರಂಗಮಂದಿರದಲ್ಲಿ ಕುರ್ಚಿ ಲೆಕ್ಕವೇ ಇಲ್ಲ, ಮೆಟ್ಟಿಲ ಮೇಲೆ ಕೂರುವುದು. ಬೇಗ ಹೋದವರು ಮುಂದೆ, ತಡವಾದವರು ಹಿಂದೆ. ಇನ್ನೊಬ್ಬರು ಬಂದರೆ ಎಲ್ಲರೂ ಒಂದು ಗೇಣು ಸರಿದು ಜಾಗ ಮಾಡಿಕೊಡುತ್ತಿದ್ದರು. ಕುರ್ಚಿಯಲ್ಲಿ ಕೂತವರು ಸರಿಯಲು ಆಗುವುದಿಲ್ಲ. ನಾನು ನಾಟಕ ನೋಡಲು ಕಲಿತದ್ದು ಆ ಮೆಟ್ಟಿಲುಗಳ ಮೇಲೆ.

ಆರೂವರೆ ಹೊತ್ತಿಗೆ ಸಾಲು ರಸ್ತೆ ತಿರುಗಿತ್ತು. ಜಗಳವೂ ಶುರುವಾಯಿತು. ಕಲ್ಲಿಟ್ಟು ಹೋಗಿದ್ದ ಒಬ್ಬರು ವಾಪಸ್ ಬಂದರು, ಜೊತೆಗೆ ನಾಲ್ಕು ಜನರನ್ನು ಕರೆತಂದರು. ಒಂದು ಕಲ್ಲಿಗೆ ಐದು ಜನ. ಹಿಂದಿನವರು ಬಿಡಲಿಲ್ಲ. ಕೊನೆಗೆ ಸಾಲಿನವರೇ ಸೇರಿ ತೀರ್ಮಾನ ಮಾಡಿದೆವು. ಒಬ್ಬ ಹುಡುಗ ನೋಟ್‌ಬುಕ್ ತೆಗೆದು ಎಲ್ಲರ ಹೆಸರು ನಂಬರ್ ಹಾಕಿ ಬರೆದ. ಒಂದು ಗುರುತಿಗೆ ಒಬ್ಬರೇ. ಪಾಯಖಾನೆಗೆ, ಟೀಗೆ ಹೋಗುವವರು ಹಿಂದೆ ಮುಂದೆ ಇರುವವರಿಗೆ ಹೇಳಿ ಹೋಗಬೇಕು, ಕಾಲು ಗಂಟೆಯಲ್ಲಿ ಬರಬೇಕು. ನನ್ನ ನಂಬರ್ 39. ಯಾರೂ ನೇಮಿಸದ ಆ ಹುಡುಗ ಬೆಳಗ್ಗೆ ಹತ್ತರ ತನಕ ನೋಟ್‌ಬುಕ್ ಹಿಡಿದು ಓಡಾಡಿದ. ಅವನ ಹೆಸರು ಕೇಳಬೇಕಿತ್ತು, ಮರೆತೆ.

ಪಾಯಖಾನೆ ಅಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಗಂಡಸರು ಗೋಡೆ ಹುಡುಕಿಕೊಂಡು ಹೋದರು. ಹೆಂಗಸರು ಏನು ಮಾಡಬೇಕು? ಮೈದಾನದ ಶೌಚಾಲಯಕ್ಕೆ ಬೀಗ. ಬೀಗದ ಕೈ ಯಾರ ಹತ್ತಿರ ಇದೆ ಅಂತ ಯಾರಿಗೂ ಗೊತ್ತಿಲ್ಲ. ಅಜ್ಜಿ ಆರು ಗಂಟೆಯಿಂದ ಸುಮ್ಮನೆ ಕೂತಿದ್ದರು, ನೀರು ಕೊಟ್ಟರೆ ಬೇಡ ಅಂದರು. ನನಗೆ ಆಗ ಅರ್ಥವಾಯಿತು. ಹತ್ತಿರದ ಖಾನಾವಳಿ ಬಾಗಿಲು ತೆಗೆಯುತ್ತಲೇ ನಾನು ಅಜ್ಜಿಯನ್ನು ಕರೆದುಕೊಂಡು ಹೋಗಿ ಒಡತಿಯನ್ನು ಕೇಳಿದೆ. "ಹೋಗ್ರಿ, ಅದಕ್ಕೇನ್ ಕೇಳ್ತೀರಿ" ಅಂದರು ಆ ತಾಯಿ. ಆಮೇಲೆ ಸಾಲಿನ ಹೆಂಗಸರೆಲ್ಲ ಇಬ್ಬಿಬ್ಬರಾಗಿ ಹೋಗಿ ಬಂದರು. ಜನ ಆರು ತಾಸು ಕಾಯುತ್ತಾರೆ ಅಂತ ಗೊತ್ತಿದ್ದೂ ಒಂದು ಬೀಗ ತೆಗೆಸದಿದ್ದರೆ, ಹೆಂಗಸರು ಬರುವುದು ಬೇಡ ಅಂತ ಹೇಳಿದ ಹಾಗೇ ಆಗುತ್ತದೆ.

ಏಳಕ್ಕೆ ಮಂಡಕ್ಕಿ ಒಗ್ಗರಣೆ ಗಾಡಿ ಬಂತು. ಅದರ ಘಮಕ್ಕೆ ಅರ್ಧ ಸಾಲು ಎದ್ದು ನಿಂತಿತು. ನನ್ನ ರೊಟ್ಟಿ ಅಜ್ಜ ಅಜ್ಜಿಗೆ ಹೋಯಿತು, ನಾನು ಮಂಡಕ್ಕಿ ತಿಂದೆ.

ಅಜ್ಜನ ಹಿಂದೆ ಒಬ್ಬಳು ಕಾಲೇಜು ಹುಡುಗಿ ಇದ್ದಳು. ಅವಳ ದೊಡ್ಡಮ್ಮನ ಮಗಳು ನ್ಯೂಯಾರ್ಕ್‌ನಲ್ಲಿ ಓದುತ್ತಿದ್ದಾಳಂತೆ. ಅಲ್ಲಿಯೂ ಹೀಗೇ ಸಾಲು ಇರುತ್ತದೆ ಅಂದಳು. ಊರ ನಡುವಿನ ಸೆಂಟ್ರಲ್ ಪಾರ್ಕ್‌ನಲ್ಲಿ ಡೆಲಾಕೋರ್ಟ್ ಅಂತ ಬಯಲು ರಂಗಮಂದಿರ ಇದೆ. 1962ರಲ್ಲಿ ಕಟ್ಟಿದ್ದು, ಸುಮಾರು 1,800 ಸೀಟು. ಬೇಸಿಗೆಯಲ್ಲಿ ಅಲ್ಲಿ ಶೇಕ್ಸ್‌ಪಿಯರ್ ನಾಟಕ ಫ್ರೀ. ಅದೇ ದಿನದ ಟಿಕೆಟ್ ಮಧ್ಯಾಹ್ನ ಹನ್ನೆರಡಕ್ಕೆ ಕೊಡುತ್ತಾರೆ. ಅದಕ್ಕೆ ಜನ ಬೆಳಗಿನ ಜಾವವೇ ಬಂದು ಪಾರ್ಕಿನಲ್ಲಿ ದುಪ್ಪಟಿ ಹಾಸಿ ಸಾಲಾಗಿ ಕೂರುತ್ತಾರೆ. ಒಬ್ಬರಿಗೆ ಎರಡೇ. ಒಬ್ಬರು ಕೂತು ಇನ್ನೊಬ್ಬರಿಗೆ ಜಾಗ ಹಿಡಿಯುವ ಹಾಗಿಲ್ಲ.

"ಅಲ್ಲಿ ವಯಸ್ಸಾದವರಿಗೆ ಬೇರೆ ಸಾಲು ಇದೆ ಆಂಟಿ" ಅಂದಳು. "ಅಂಗವಿಕಲರಿಗೂ ಅಲ್ಲೇ."

ನಾನು ಅಜ್ಜನ ಕಡೆ ನೋಡಿದೆ. ಅವರು ಮೊಣಕಾಲು ಹಿಡಿದುಕೊಂಡು ನಿಂತಿದ್ದರು. ಕೂತರೆ ಏಳಲು ಕಷ್ಟ ಅಂತ ನಿಂತೇ ಇದ್ದರು. ಬಿಸಿಲು ಬೇರೆ ಏರುತ್ತಿತ್ತು.

ಆಮೇಲೆ ಮನೆಗೆ ಬಂದು ಮೊಬೈಲಿನಲ್ಲಿ ಆ ಡೆಲಾಕೋರ್ಟ್ ಬಗ್ಗೆ ಓದಿದೆ. ರಂಗಮಂದಿರ ಕಟ್ಟುವ ಮೊದಲೇ ಆ ಪಾರ್ಕಿನಲ್ಲಿ ಫ್ರೀ ನಾಟಕ ಶುರು ಮಾಡಿದವರು ಜೋಸೆಫ್ ಪ್ಯಾಪ್. 1959ರಲ್ಲಿ ಪಾರ್ಕಿನ ದೊಡ್ಡ ಅಧಿಕಾರಿ ರಾಬರ್ಟ್ ಮೋಸೆಸ್, ನಾಟಕಕ್ಕೆ ಬರುವವರಿಂದ ಹುಲ್ಲು ಹಾಳಾಗುತ್ತದೆ, ಅದರ ಖರ್ಚಿಗೆ ಟಿಕೆಟ್ ಇಟ್ಟು ದುಡ್ಡು ತೆಗೆದುಕೊಳ್ಳಿ ಅಂದರಂತೆ. ಪ್ಯಾಪ್ ಒಪ್ಪಲಿಲ್ಲ. ಕೋರ್ಟಿಗೆ ಹೋಗಿ ಗೆದ್ದರು. ಅವತ್ತು ಅವರು ಸರಿ ಅಂದಿದ್ದರೆ ಆ ಹುಡುಗಿಯ ಅಕ್ಕ ಈಗ ಆ ಸಾಲಿನಲ್ಲಿ ಕೂರುತ್ತಿರಲಿಲ್ಲ. ಫ್ರೀ ಅನ್ನುವುದು ತಾನಾಗಿಯೇ ಉಳಿಯುವುದಿಲ್ಲ, ಯಾರೋ ಅದಕ್ಕೆ ಗುದ್ದಾಡಿರುತ್ತಾರೆ. ಅಜ್ಜನ ಎರಡು ಕುರಿಯೂ ಅದೇ ಲೆಕ್ಕಕ್ಕೆ ಸೇರುತ್ತವೆ ಅಂತ ನನಗನ್ನಿಸುತ್ತದೆ.

ಸಾಲಿನ ವಿಷಯಕ್ಕೆ ಬರುತ್ತೇನೆ. ಏಳೂವರೆಗೆ ಸಂಘಟಕರ ಕಡೆಯ ಸ್ವಯಂಸೇವಕರು ಬಂದರು. ನಾನೂ ಆ ಹುಡುಗಿಯೂ ಹೋಗಿ ಕೇಳಿದೆವು. ಅರವತ್ತು ದಾಟಿದವರನ್ನು ಬೇರೆ ಕೂರಿಸಿ, ಕೌಂಟರ್ ತೆಗೆದಾಗ ಮೊದಲು ಅವರಿಗೆ ಕೊಡಿ ಅಂತ. ಸಾಲಿನವರು ಜಗಳ ತೆಗೆಯುತ್ತಾರೆ ಅಂತ ಅವರಿಗೆ ಭಯ. ಹುಡುಗಿ ಸಾಲಿನ ಉದ್ದಕ್ಕೂ ಹೋಗಿ ಗಟ್ಟಿಯಾಗಿ ಕೇಳಿಬಿಟ್ಟಳು. "ಅಜ್ಜ ಅಜ್ಜಿಯರು ಮೊದಲು ತಗೊಳ್ಳಲಿ, ಯಾರದಾದರೂ ಬೇಡ ಅಂತ ಇದ್ರೆ ಹೇಳಿ." ಯಾರೂ ಬೇಡ ಅನ್ನಲಿಲ್ಲ. ಹದಿನೇಳು ಜನ ಹಿರಿಯರು ಇದ್ದರು. ನಾಟಕಕ್ಕೆ ತಂದಿದ್ದ ಪ್ಲಾಸ್ಟಿಕ್ ಕುರ್ಚಿಗಳನ್ನೇ ಮರದ ನೆರಳಿಗೆ ಹಾಕಿ ಕೂರಿಸಿದರು. ಅಜ್ಜ ಕೂತವರು ನನಗೆ ಕೈ ಎತ್ತಿ ತೋರಿಸಿದರು.

ಅದಾಗಿ ಸ್ವಲ್ಪ ಹೊತ್ತಿಗೆ ಮುಂದಿನ ಅಕ್ಕ ಎದ್ದು ನಿಂತರು. ಎಂಟಕ್ಕೆ ಮೊದಲ ಮನೆ. ಆಮೇಲೆ ಇನ್ನೆರಡು. ಆ ಮನೆಯವರು ಕೆಲಸಕ್ಕೆ ಹೊರಡುವ ಮೊದಲು ಪಾತ್ರೆ ಆಗಬೇಕು. ಹೋಗದಿದ್ದರೆ ಸಂಬಳ ಮುರಿದುಕೊಳ್ಳುತ್ತಾರೆ. "ನಂದೂ ತಗೊಂಡಿರ್ತೀರಾ ಅಕ್ಕ?" ಅಂತ ಆಧಾರ್ ಕಾರ್ಡನ್ನೇ ನನ್ನ ಕೈಗೆ ಕೊಟ್ಟರು. ಜೆರಾಕ್ಸ್ ಅಲ್ಲ, ಅಸಲು ಕಾರ್ಡು. ನಾನು ಧೈರ್ಯವಾಗಿ ತಗೊಂಡೆ. ನೋಟ್‌ಬುಕ್ಕಿನಲ್ಲಿ ಅವರ ಹೆಸರು 38ನೇ ನಂಬರಿಗೆ ಇತ್ತು. ಮೂರು ತಾಸು ಚಳಿಯಲ್ಲಿ ಕೂತಿದ್ದನ್ನು ಎಲ್ಲರೂ ನೋಡಿದ್ದರು.

ಒಂಬತ್ತೂವರೆ ಸುಮಾರಿಗೆ ಎರಡು ಕಾರು ಹಿಂದಿನ ಗೇಟಿಗೆ ಹೋದವು. ಕಂಬಿಯ ಸಂದಿಯಿಂದ ಎಲ್ಲರಿಗೂ ಕಾಣುತ್ತಿತ್ತು. ಒಳಗೆ ಹೋದವರು ಕವರು ಹಿಡಿದುಕೊಂಡು ಹೊರಗೆ ಬಂದರು. ಒಬ್ಬರ ಕವರು ಗಾಳಿಗೆ ಬಾಯಿ ಬಿಟ್ಟಿತು. ಹಳದಿ ಪಾಸು, ಕಟ್ಟು ಕಟ್ಟು. ಸಾಲಿನಲ್ಲಿ ಒಂದು ಗದ್ದಲ ಎದ್ದು ಹಾಗೇ ಇಳಿಯಿತು. ಕೂಗಾಡಿದರೆ ಕೌಂಟರ್ ತೆಗೆಯುವುದೇ ಇಲ್ಲವೇನೋ ಅನ್ನುವ ಭಯ ಎಲ್ಲರಿಗೂ. ನನಗೂ ಅದೇ ಭಯ ಇತ್ತು. ಇವತ್ತಿಗೂ ಆ ಸುಮ್ಮನಿದ್ದದ್ದು ನನಗೆ ಚುಚ್ಚುತ್ತದೆ.

ಹತ್ತೂಕಾಲಿಗೆ ಕೌಂಟರ್ ತೆಗೆದರು. ಮೊದಲು ಹಿರಿಯರು. ಆಮೇಲೆ ನಮ್ಮ ಸಾಲು. ಕಾರ್ಡ್ ತೋರಿಸಬೇಕು, ರಿಜಿಸ್ಟರಿನಲ್ಲಿ ಹೆಸರು ಬರೆದು ಸಹಿ ಹಾಕಬೇಕು, ಎರಡು ಪಾಸು. ಒಬ್ಬರಿಗೆ ಒಂದು ನಿಮಿಷವೂ ಆಗುತ್ತಿರಲಿಲ್ಲ. ನನ್ನ ಸರದಿ ಬಂದಾಗ ಹತ್ತು ಐವತ್ತು. ನನ್ನದು ತಗೊಂಡು, ಅಕ್ಕನ ಕಾರ್ಡ್ ಮುಂದಿಟ್ಟೆ.

"ಆಳು ಎಲ್ಲಿ?" ಅಂದ ಕೌಂಟರಿನ ಹುಡುಗ.

ಇದ್ದದ್ದು ಇದ್ದ ಹಾಗೆ ಹೇಳಿದೆ. ನೋಟ್‌ಬುಕ್ ತೋರಿಸಿದೆ. ಹಿಂದಿದ್ದ ಇಬ್ಬರು ಹೌದು ಹೌದು, ಬೆಳಗಿನಿಂದ ಇದ್ದರು ಅಂದರು.

"ಅಕ್ಕ, ನಿಮ್ಮ ಮಾತು ನಂಬ್ತೀನಿ. ಆದರೆ ಒಬ್ಬರಿಗೆ ಬಿಟ್ಟರೆ ಎಲ್ಲರೂ ಹತ್ತು ಹತ್ತು ಕಾರ್ಡ್ ಹಿಡ್ಕೊಂಡು ಬರ್ತಾರೆ. ನಂಗೆ ಬೈತಾರೆ."

ಅವನು ಹೇಳಿದ್ದು ಸುಳ್ಳಲ್ಲ. ಸಾಲಿನಲ್ಲಿ ಆಳು ಇರಬೇಕು ಅನ್ನುವುದು ನ್ಯಾಯವಾದ ನಿಯಮ. ಬೆಳಗ್ಗೆ ಒಂದು ಕಲ್ಲಿಗೆ ಒಬ್ಬರೇ ಅಂತ ಗಟ್ಟಿ ಮಾಡಿದವರಲ್ಲಿ ನಾನೂ ಒಬ್ಬಳು. ಆದರೆ ಅದೇ ನಿಯಮ ಹಿಂದಿನ ಗೇಟಿನಲ್ಲಿ ಇರಲಿಲ್ಲವಲ್ಲ. ಮುಂದಿನ ಬಾಗಿಲಲ್ಲಿ ಬಿಗಿ, ಹಿಂದಿನ ಬಾಗಿಲಲ್ಲಿ ಸಡಿಲ. ಪಾತ್ರೆ ತೊಳೆಯಲು ಹೋದವರಿಗೆ ಎರಡು ಪಾಸು ಕೊಡಲು ಆಗದ ಕಡೆ ಕಟ್ಟುಗಟ್ಟಲೆ ಕವರಿನಲ್ಲಿ ಹೋಯಿತು. ನಾನು ಇದನ್ನು ಆ ಹುಡುಗನಿಗೂ ಹೇಳಿದೆ. ಅವನು ತಲೆ ತಗ್ಗಿಸಿ ಮುಂದಿನವರ ಕಾರ್ಡ್ ತಗೊಂಡ.

ಎರಡು ನೂರು ಜನಕ್ಕೆ ಬರಬೇಕಿದ್ದ ಪಾಸು ನೂರಿಪ್ಪತ್ತರ ಆಸುಪಾಸಿಗೆ ಮುಗಿಯಿತು ಅಂತ ಆಮೇಲೆ ನೋಟ್‌ಬುಕ್ ಹುಡುಗ ಹೇಳಿದ. ಆರು ಗಂಟೆಗೆ ಬಂದವರೂ ಬರಿಗೈಯಲ್ಲಿ ಹೋದರು.

ನಾನು ಅವತ್ತು ಅಂಗಡಿ ತೆಗೆದದ್ದು ಹನ್ನೊಂದೂವರೆಗೆ. ನನಗೆ ಅರ್ಧ ದಿನದ ಕೆಲಸ ಹೋಯಿತು, ಆದರೆ ರಾತ್ರಿ ಕೂತು ಹೊಲಿದು ತುಂಬಿಸಿಕೊಳ್ಳಬಹುದು. ಪಾತ್ರೆ ಹಾಗಲ್ಲ, ಅದು ಆ ಹೊತ್ತಿಗೇ ಆಗಬೇಕು. ಗಾರೆ ಕೆಲಸದವರು, ಹಮಾಲಿಗಳು, ಹೋಟೆಲಿನವರು, ಅವರ ಹೊತ್ತು ಅವರ ಕೈಯಲ್ಲಿಲ್ಲ. ಬೆಳಗ್ಗೆ ಹತ್ತಕ್ಕೆ ಮಾತ್ರ ಪಾಸ್ ಕೊಟ್ಟರೆ ಅವರ್ಯಾರೂ ನಾಟಕ ನೋಡುವುದಿಲ್ಲ. ಅರ್ಧ ಪಾಸು ಬೆಳಗ್ಗೆ, ಅರ್ಧ ಸಂಜೆ ಆರಕ್ಕೆ ಗೇಟಿನಲ್ಲೇ ಕೊಡಿ. ಅತಿಥಿಗಳಿಗೆ ಎಷ್ಟು, ಸಾಲಿಗೆ ಎಷ್ಟು ಅಂತ ಬೋರ್ಡಿನಲ್ಲೇ ಬರೆಯಿರಿ. ಮಾರನೇ ದಿನ ಒಂದು ಹಾಳೆಯಲ್ಲಿ ಇಷ್ಟನ್ನೇ ಬರೆದು ಸಂಘಟಕರಿಗೆ ಕೊಟ್ಟು ಬಂದೆ. ಶೌಚಾಲಯದ ಬೀಗದ ಮಾತನ್ನು ಮೊದಲೇ ಬರೆದೆ.

ಪಾಸ್ ತಂದ ದಿನವೇ ಮಧ್ಯಾಹ್ನ ಅಕ್ಕ ಅಂಗಡಿಗೆ ಬಂದರು. ಕಾರ್ಡ್ ವಾಪಸ್ ಕೊಟ್ಟೆ. ನನ್ನ ಹತ್ತಿರ ಎರಡು ಪಾಸು ಇದ್ದವಲ್ಲ, ಅದನ್ನೇ ಅವರ ಮುಂದಿಟ್ಟೆ. ನನಗೆ ಮೂರನೇ ದಿನ ಇನ್ನೊಂದು ಅವಕಾಶ ಇತ್ತು. ಅವರು ಮುಟ್ಟಲಿಲ್ಲ. "ನಿಮ್ಮ ಮಗಳು ನೋಡ್ಲಿ ಅಕ್ಕ. ನಾನು ಸಂಜೆ ಸುಮ್ನೆ ಗೇಟಿನ ಹತ್ರ ಬರ್ತೀನಿ. ಹೊರಗಿಂದ ಕಂಡಷ್ಟು ಕಾಣ್ತೈತೆ" ಅಂದರು.

ಸಂಜೆ ಆರೂವರೆಗೆ ನಾನೂ ಮಗಳೂ ಹೋದೆವು. ತರಾಸು ರಂಗಮಂದಿರದಲ್ಲಿ ನಾನು ನಾಟಕ ನೋಡಿದ್ದೇನೆ. ಒಳಗೆ ಕತ್ತಲು ಮಾಡಿದರೆ ಮನಸ್ಸು ತಾನಾಗಿ ಒಂದು ಕಡೆ ನಿಲ್ಲುತ್ತದೆ. ಬಯಲಲ್ಲಿ ಹಾಗಲ್ಲ. ಆಕಾಶ ಇನ್ನೂ ಕೆಂಪಗಿತ್ತು. ರಂಗದ ಹಿಂದೆ ಬಂಡೆಗಳ ಸಾಲು ಕಪ್ಪಾಗುತ್ತಾ ಬಂತು. ಕೋಟೆಯನ್ನು ಬಣ್ಣದ ಪರದೆಯಲ್ಲಿ ಬರೆಯುವ ಕೆಲಸವೇ ಇರಲಿಲ್ಲ.

ಮುಂದಿನ ಆರು ಸಾಲು ಸೋಫಾ, ಬಿಳಿ ಬಟ್ಟೆ ಹೊದಿಸಿದ ಕುರ್ಚಿ. ಅಲ್ಲಿ ಮುಕ್ಕಾಲು ಖಾಲಿ. ಕವರಿನಲ್ಲಿ ಹೋದ ಪಾಸುಗಳು ಮನೆಯಲ್ಲೇ ಉಳಿದಿದ್ದವು. ಗೇಟಿನ ಆಚೆ ಬೊಂಬಿನ ಬೇಲಿಗೆ ಆತುಕೊಂಡು ಇನ್ನೂರು ಜನ ನಿಂತಿದ್ದರು. ನಾಟಕ ಶುರುವಾಗಲು ಐದು ನಿಮಿಷ ಇರುವಾಗ ಬೆಳಗ್ಗೆ ಕುರ್ಚಿ ಹಾಕಿಸಿದ್ದ ಅದೇ ಸ್ವಯಂಸೇವಕರು ಬಂದು ಬೊಂಬು ತೆಗೆದರು. ಯಾರ ಅಪ್ಪಣೆ ಕೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಜನ ಓಡಿ ಬಂದರು. ಸೋಫಾದಲ್ಲಿ ಕೂರಲು ಅಂಜಿ ಅರ್ಧ ಜನ ರಂಗದ ಮುಂದೆ ನೆಲದಲ್ಲೇ ಕೂತರು. ಅದರಲ್ಲಿ ಅಕ್ಕನೂ ಇದ್ದರು. ಮಗಳು ತೊಡೆ ಮೇಲೆ. ಆ ಮಗು ನಾನು ಹೊಲಿದ ಹಸಿರು ಸೀರೆಯನ್ನೇ ಹಾಕಿಕೊಂಡು ಬಂದಿತ್ತು.

ನಾಟಕದ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಎರಡೂವರೆ ತಾಸು. ಮಾತು ಗಾಳಿಗೆ ಒಂದೊಂದು ಸಲ ತೇಲಿ ಹೋಗುತ್ತಿತ್ತು. ಓಬವ್ವನ ಸೀರೆಯ ಗುಟ್ಟು ನನಗೆ ಸಿಕ್ಕಿತು. ಸೆರಗನ್ನು ಬೆನ್ನ ಹಿಂದಿನಿಂದ ತಂದು ಸೊಂಟದಲ್ಲಿ ಎರಡು ಸುತ್ತು ಬಿಗಿದು, ಅಗಲ ಪಟ್ಟಿಯಿಂದ ಮೇಲೆ ಒತ್ತಿ ಕಟ್ಟಿದ್ದರು. ತೋಳು ಎಷ್ಟು ಮೇಲೆ ಹೋದರೂ ಎಳೆಯುತ್ತಿರಲಿಲ್ಲ. ಗಂಡ ಊಟ ಮುಗಿಸಿ ಬರುವ ದೃಶ್ಯವೂ ಇತ್ತು. ಅವನು ಬಂದು ನಿಲ್ಲುತ್ತಾನೆ. ಅವಳು ಒಂದು ಮಾತೂ ಆಡುವುದಿಲ್ಲ. ಒನಕೆಯನ್ನು ಗೋಡೆಗೆ ಒರಗಿಸಿ, ನಡುಗುವ ಕೈಯನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಾಳೆ. ಅವನು ಓಡಿ ಹೋಗಿ ಕಹಳೆ ಊದುತ್ತಾನೆ. ಮುಂದೆ ಕೂತ ಮಗು ತಿರುಗಿ ಅಮ್ಮನ ಮುಖ ನೋಡಿತು. ಅಕ್ಕ ಅದರ ತಲೆ ಸವರಿದರು, ಅಷ್ಟೇ. ಕೊನೆಯಲ್ಲಿ 1779ರಲ್ಲಿ ಕೋಟೆ ಹೈದರನ ಕೈಗೆ ಹೋಗುವಾಗ ಹಿಂದಿನ ನಿಜವಾದ ಬಂಡೆಗಳ ಮೇಲೆ ಬೆಳಕು ಬಿಟ್ಟು, ನಿಧಾನವಾಗಿ ಆರಿಸಿದರು. ತುಂಬಾ ಹೊತ್ತು ಯಾರೂ ಚಪ್ಪಾಳೆ ತಟ್ಟಲಿಲ್ಲ.

ಹೊರಗೆ ಬಂದಾಗ ಅಜ್ಜ ಅಜ್ಜಿ ಸಿಕ್ಕರು. ಅಜ್ಜನ ಬೆರಳು ಇನ್ನೂ ಕೋಲಿನ ಮೇಲೆ ತಾಳ ಹಾಕುತ್ತಿತ್ತು.

"ಚೆನ್ನಾಗಿತ್ತಾ ಅಜ್ಜ?"

"ಬಲು ಚೆನ್ನಾಗಿತ್ತವ್ವ. ಆದರೆ ಇಷ್ಟು ಬೇಗ ಮುಗಿಸಿಬಿಟ್ರಲ್ಲ. ನಮ್ಮೂರ ಬಸ್ಸು ಬೆಳಗ್ಗೆ ಐದೂವರೆಗೆ ಐತೆ. ಬಯಲಾಟ ಆಗಿದ್ರೆ ಬಸ್ಸಿನ ಹೊತ್ತಿಗೆ ಸರಿಯಾಗಿ ಮಂಗಳ ಹಾಡ್ತಿದ್ರು."

ಬಸ್ ಸ್ಟ್ಯಾಂಡಿಗೆ ಹೋಗುವುದು ಬೇಡ, ನಮ್ಮ ಮನೆಗೆ ಬನ್ನಿ ಅಂತ ಕರೆದೆ. ಅಜ್ಜಿ ಬೇಡ ಬೇಡ ಅನ್ನುತ್ತಲೇ ನನ್ನ ಮಗಳ ಕೈ ಹಿಡಿದುಕೊಂಡರು. ಗಾಳಿ ಮತ್ತೆ ಎದ್ದಿತ್ತು. ಬೆಳಗ್ಗೆ ಸುತ್ತಿಕೊಂಡಿದ್ದ ಟವೆಲ್ಲನ್ನು ಅಜ್ಜನ ತಲೆಗೆ ಕಟ್ಟಿದೆ. ದಾರಿಯುದ್ದಕ್ಕೂ ಅಜ್ಜ ಭೀಮನ ಪ್ರವೇಶದ ಪದ ಹೇಳಿಕೊಂಡು ಬಂದರು. ಮರೆತ ಸಾಲುಗಳನ್ನು ಅಜ್ಜಿ ಎತ್ತಿ ಕೊಡುತ್ತಿದ್ದರು.